ಎರಡು ಮೂಗುಬೊಟ್ಟು, ಒಂದೇ ತೂಕ

ಗೆಳೆಯರೇ, ಈ ನಂಜನಗೂಡಿನಲ್ಲಿ ಮೂವತ್ತು ವರ್ಷದಿಂದ ಅಕ್ಕಸಾಲೆ ಕಸುಬು ಮಾಡುತ್ತಿದ್ದೇನೆ. ಇವತ್ತು ಸಾಕಪ್ಪಾ ಸಾಕು ಅನ್ನಿಸಿತು.

ಹುಲ್ಲಹಳ್ಳಿಯ ಗೌಡತಿ ತಮ್ಮ ಇಬ್ಬರು ಸೊಸೆಯರಿಗೂ ನನ್ನ ಕೈಲಿ ವಜ್ರದ ಮೂಗುಬೊಟ್ಟು ಮಾಡಿಸಿದ್ದರು. ಭೇದ ಆಗಬಾರದೆಂದು ಚಿನ್ನವೂ ಕಲ್ಲೂ ಒಂದೇ ತೂಕ. ಹಿರಿಯಳ ಕಲ್ಲು ದುಂಡು, ಕಿರಿಯಳದು ಬಾದಾಮಿಯಂತೆ ಉದ್ದ. ಇವತ್ತು ಮೂವರೂ ಗಾಡಿ ಕಟ್ಟಿಸಿಕೊಂಡು ಬಂದರು.

"ಆಚಾರ್ರೇ, ಅವಳ್ದು ದೊಡ್ಡದು, ನಂದು ಚಿಕ್ಕದು," ಎಂದಳು ಹಿರಿಯ ಸೊಸೆ. "ಇಂಗೇ ಆದ್ರೆ ನಾನು ಬ್ಯಾರೆ ಒಲೆ ಹೂಡ್ತೀನಿ."

ಬೊಟ್ಟುಗಳನ್ನು ತಕ್ಕಡಿಯ ಒಂದೊಂದು ತಟ್ಟೆಗೆ ಹಾಕಿದೆ. ಮುಳ್ಳು ನೆಟ್ಟಗೆ ನಿಂತಿತು. "ದುಂಡು ಕಲ್ಲಿನ ತೂಕ ಹೊಟ್ಟೇಲಿ ಅಡಗಿದೆ ತಾಯಿ. ಉದ್ದದ್ದು ಮೈಚಾಚಿ ಮಲಗಿದೆ, ಅದಕ್ಕೇ ದೊಡ್ಡದಾಗಿ ಕಾಣುತ್ತೆ," ಎಂದೆ.

"ನನ್ ಮೂಗ್ ನೋಡೋರು ತಕ್ಕಡಿ ಇಡ್ಕಂಡು ಬತ್ತಾರಾ?"

ಬೊಟ್ಟುಗಳನ್ನು ಅದಲು ಬದಲು ಮಾಡಿಕೊಟ್ಟೆ. ಈಗ ಕಿರಿಯಳ ಕಣ್ಣಲ್ಲಿ ನೀರು. "ಅಕ್ಕಂದೇ ದೊಡ್ಡದಾಯ್ತಲ್ಲ, ಅತ್ತೆ!"

ಗೌಡತಿಗೆ ರೇಗಿತು. "ಇಬ್ರಿಗೂ ಬ್ಯಾಡ. ಎರಡನ್ನೂ ನನ್ ಮೂಗಿಗೇ ಆಕಿ ಆಚಾರ್ರೇ. ತೂಕ ಒಂದೇ ಅಂದ್ಮೇಲೆ ದೊಡ್ಡದೇನು, ಚಿಕ್ಕದೇನು!"

ಎಡಹೊಳ್ಳೆಗೆ ದುಂಡನೆಯದು, ಬಲಹೊಳ್ಳೆಗೆ ಉದ್ದದ್ದು ಹಾಕಿ ತಿರುಪು ಬಿಗಿದೆ. ಸೊಸೆಯರಿಬ್ಬರೂ ಜಗಳ ಬಿಟ್ಟು ಒಂದೇ ಚಾಪೆಯ ಮೇಲೆ ಕುಳಿತರು. ಸದ್ಯ, ಮುಗಿಯಿತು ಎಂದುಕೊಂಡು ಗೌಡತಿಯ ಮುಂದೆ ಕನ್ನಡಿ ಹಿಡಿದೆ.

ಅವರು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು.

"ಆಚಾರ್ರೇ, ಈ ಎಡಗಡೇದು ಯಾಕೋ ಚಿಕ್ಕದಾಗಿ ಕಾಣ್ತದಲ್ಲ?"

ತಕ್ಕಡಿಯನ್ನು ಇನ್ನೂ ಒಳಗೆ ಇಟ್ಟಿರಲಿಲ್ಲ. ಅದೊಂದೇ ಪುಣ್ಯ.