ಪೇರಲ ಮರದ ಪಾಲಪಿಟ್ಟ

ನಮ್ಮಪ್ಪ ಮರದಲ್ಲಿ ಹಕ್ಕಿ ಕೊರೆಯುತ್ತಿದ್ದ ಎಂದ ಕೂಡಲೇ ಜನ ಬಾಗಿಲ ಚೌಕಟ್ಟು, ದೇವರ ಮಂಟಪ ಎಂದುಕೊಳ್ಳುತ್ತಾರೆ. ಅಲ್ರೀ, ಅದಲ್ಲ. ಅಂಗೈ ಅಗಲದ ಮರದ ಬಿಲ್ಲೆ, ಅದರ ನುಣುಪು ಮುಖದ ಮೇಲೆ ಸೂಜಿಯಂಥ ಉಳಿಯಿಂದ ಕೊರೆದ ಗೆರೆಗಳು, ಅದಕ್ಕೆ ಕರಿ ಮಸಿ ಹಚ್ಚಿ ಹಾಳೆಗೆ ಇಳಿಸಿದ ಚಿತ್ರ. ಉಳಿ ಮುಟ್ಟಿದ್ದು ಬೆಳ್ಳಗೆ, ಮುಟ್ಟದ್ದು ಕರ್ರಗೆ. ಇದನ್ನು ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ದೇನೋ, ನನಗೇ ಸಾಕಾಗಿದೆ.

ಕುಷಾಯಿಗೂಡದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಪೇರಲ ಮರವಿತ್ತು. ಗಾಳಿಗೆ ಅದು ಉರುಳಿದಾಗ ಅವ್ವ ಹಣ್ಣು ಹೋಯಿತಲ್ಲ ಎಂದು ಮರುಗಿದಳು. ಅಪ್ಪ ಕಾಂಡವನ್ನು ಸೌತೆಕಾಯಿ ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆ ಕೊಯ್ಸಿ ಮಂಚದ ಕೆಳಗೆ ಸಾಲಾಗಿ ಇಟ್ಟ. ನೆರಳಲ್ಲೇ ವರ್ಷಗಟ್ಟಲೆ ಒಣಗಬೇಕು, ಬಿಸಿಲು ಕಂಡರೆ ಸೀಳುತ್ತದೆ ಎನ್ನುತ್ತಿದ್ದ. ನಾನು ಮದುವೆಯಾಗಿ ದಿಲ್‌ಸುಖ್‌ನಗರಕ್ಕೆ ಹೋಗುವ ತನಕ ಆ ಬಿಲ್ಲೆಗಳ ಮೇಲಿನ ಮಂಚದಲ್ಲೇ ಮಲಗಿದವಳು. ಆದರೂ ಆ ಮಾತು ನನ್ನ ತಲೆಯಲ್ಲಿ ನಿಲ್ಲಲಿಲ್ಲ, ನೋಡಿ.

ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಅಪ್ಪನಿಗೆ ಕೆಲಸ. ದಿನವಿಡೀ ಪಟ್ಟಿ ಹಿಡಿದು ಗೆರೆ ಎಳೆದು ಬಂದವನು ಚಹಾ ಕುಡಿದು ಮತ್ತೆ ಗೆರೆಗೇ ಕೂರುತ್ತಿದ್ದ. ಉಸುಕು ತುಂಬಿದ ತೊಗಲಿನ ದಿಂಬಿನ ಮೇಲೆ ಬಿಲ್ಲೆ ಇಟ್ಟು, ಉಳಿಯನ್ನಲ್ಲ, ಬಿಲ್ಲೆಯನ್ನೇ ನಿಧಾನಕ್ಕೆ ತಿರುಗಿಸುತ್ತಾ ಕೊರೆಯುವುದು ಅವನ ರೀತಿ. ತಂಗಡಿ ಹೂವಿನ ಗೊಂಚಲು, ಬಂಡೆಯ ಮೇಲೆ ಬಿಸಿಲು ಕಾಯುವ ಓತಿಕ್ಯಾತ, ಸೋರುವ ನಲ್ಲಿಗೆ ಬಾಯೊಡ್ಡಿದ ಗುಬ್ಬಿ. ಕಣ್ಣಾರೆ ಕಾಣದ್ದನ್ನು ಕೊರೆಯುತ್ತಿರಲಿಲ್ಲ. ಒಮ್ಮೆ ನಾನು ನವಿಲು ಮಾಡಿಕೊಡು ಎಂದು ಹಟ ಹಿಡಿದಾಗ, "ಮೊದಲ ನವಿಲಿಗೆ ಬರಾಕ ಹೇಳು" ಎಂದಿದ್ದ.

ವರ್ಷಕ್ಕೆ ಒಂದೇ ಚಿತ್ರ. ವಿಜಯದಶಮಿಯ ಬೆಳಿಗ್ಗೆ ಅಚ್ಚು ಇಳಿಸುವುದು. ಅಪ್ಪ ಮಸಿ ಹಚ್ಚಿ ಹಾಳೆ ಹೊದಿಸಿದರೆ, ಅವ್ವ ಸಾರಿನ ಸೌಟಿನ ಬೆನ್ನಿನಿಂದ ಅದನ್ನು ತಿಕ್ಕುವಳು. ಸಂಜೆ ಓಣಿಯ ಹನ್ನೊಂದು ಮನೆಗೂ ಬನ್ನಿ ಎಲೆಯ ಜೊತೆ ಒಂದೊಂದು ಚಿತ್ರ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ತಪ್ಪದೇ ಒಂದು ಸಾಲು ಇರುತ್ತಿತ್ತು: "ಮರ: ಹಿತ್ತಲ ಪೇರಲ. ಕೊರೆದದ್ದು: ನಾನು. ತಿಕ್ಕಿದ್ದು: ಹೆಂಡತಿ." ಯಾರು ಕೈ ಹಚ್ಚಿದರೋ ಅವರ ಲೆಕ್ಕ ಅಲ್ಲಿರಬೇಕು ಎಂಬುದು ಅವನ ಹಟ. ಓಣಿಯವರೆಲ್ಲ ತೆಲುಗರು. ಕನ್ನಡ ಓದಲು ಬಾರದಿದ್ದರೂ ಆ ಸಾಲಿನ ಮೇಲೆ ಬೆರಳಾಡಿಸಿ, ಅವ್ವನ ಕಡೆ ನೋಡಿ ನಗುತ್ತಿದ್ದರು.

ಅಪ್ಪ ನಿವೃತ್ತನಾದ ಮೇಲೆ ಕಣ್ಣು ಕೈಕೊಡತೊಡಗಿತು. ಎಡಗಣ್ಣು ಆಗಲೇ ಹೋಗಿತ್ತು, ಬಲಗಣ್ಣಿಗೆ ಇನ್ನೊಂದು ವರ್ಷ ಎಂದು ಡಾಕ್ಟರು ಹೇಳಿದರು. ಆಗ ಅವನು ಪಾಲಪಿಟ್ಟ ಕೊರೆಯಲು ಹಿಡಿದ. ನಾವು ನೀಲಕಂಠ ಅನ್ನುವ ಹಕ್ಕಿ ಅದು. ದಸರೆಯ ದಿನ ಅದು ಕಣ್ಣಿಗೆ ಬಿದ್ದರೆ ವರ್ಷವೆಲ್ಲ ಒಳ್ಳೆಯದೆಂದು ಇಲ್ಲಿಯ ಜನ ಕೆರೆದಂಡೆ, ಬಯಲು ಎಂದು ಹುಡುಕಿಕೊಂಡು ಹೋಗುತ್ತಾರೆ. ಅಪ್ಪ ಹಿಂದೆ ಎಷ್ಟೋ ಸಲ ಕಂಡಿದ್ದ, ಈಗ ಕಾಣುವುದೇ ಅಪರೂಪ. "ನನಗಂತೂ ಇನ್ನ ಕಾಣೂದಿಲ್ಲ. ಓಣಿ ಮಂದಿಗರೆ ಮನಿಯಾಗ ಕಾಣ್ಲಿ" ಎಂದ. ಭೂತಗನ್ನಡಿ ಹಿಡಿದು, ಮೂಗು ಮರಕ್ಕೆ ತಾಗುವಷ್ಟು ಬಗ್ಗಿ, ಒಂದೊಂದು ಗರಿಗೆ ಒಂದೊಂದು ವಾರ ಕೂತ. ಇದೇ ಕಡೆಯದು ಎಂದು ನಮಗೆಲ್ಲ ಗೊತ್ತಿತ್ತು.

ದಸರೆಗೆ ಎರಡು ದಿನ ಮೊದಲು ಹಕ್ಕಿ ಮುಗಿಯಿತು. ಅವ್ವನಿಗೆ ಮೊಣಕಾಲು ನೋವು, ನೆಲಕ್ಕೆ ಕೂರಲಾಗದು. ಆದ್ದರಿಂದ ಖಂಡೇನವಮಿಯ ಆಯುಧಪೂಜೆಗೆ ನಾನು ಹೋದೆ. ಪ್ರತಿ ವರ್ಷ ಆ ದಿನ ನಾನು ಅತ್ತೆಯ ಮನೆಯಲ್ಲಿರುತ್ತಿದ್ದೆ. ಅಲ್ಲಿ ಸ್ಕೂಟರಿನಿಂದ ಹಿಡಿದು ಈಳಿಗೆಯ ತನಕ ಎಲ್ಲವನ್ನೂ ಉಜ್ಜಿ ತೊಳೆದು, ಒದ್ದೆ ಅರಿಶಿನ ಬಳಿದು ಪೂಜೆ. "ಉಳಿ, ಬಿಲ್ಲಿ ಎಲ್ಲಾ ದೇವರ ಮುಂದ ಇಡು, ಒರಸಿ ಇಡು" ಎಂದು ಅವ್ವ ಅಡುಗೆಮನೆಯಿಂದ ಕೂಗಿದಳು. ಒರೆಸುವುದೇ? ನನ್ನ ಕಣ್ಣಿಗೆ ಅದು ಮೈಗಳ್ಳರ ಪೂಜೆ. ಅಪ್ಪ ಹೂವು ತರಲು ಹೋಗಿದ್ದ. ಹಿತ್ತಲ ನಲ್ಲಿಯ ಕೆಳಗೆ ಕೂತು ಉಳಿಗಳನ್ನು ತಿಕ್ಕಿದೆ. ಪಾಲಪಿಟ್ಟದ ಬಿಲ್ಲೆಗೂ ಸೋಪು ಹಚ್ಚಿ, ಗೆರೆಗಳಲ್ಲಿ ಕೂತ ಪುಡಿ ಹೋಗಲೆಂದು ಬ್ರಶ್ ಹಾಕಿ, ಬಕೆಟ್ಟಿನಲ್ಲಿ ಮುಳುಗಿಸಿ ಎತ್ತಿದೆ. ಬೇಗ ಒಣಗಲಿ ಎಂದು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟೆ. ಎಂಥ ಜಾಣೆ ನಾನು!

ಅಪ್ಪ ಚಪ್ಪಲಿ ಬಿಡುತ್ತಿದ್ದಾಗ ಕಟ್ಟೆಯ ಮೇಲೆ ಚಟ್ಟೆಂದಿತು. ನಡುವಿನಿಂದ ಅಂಚಿನ ತನಕ, ಹಕ್ಕಿಯ ರೆಕ್ಕೆಯನ್ನು ಹಾಯ್ದು, ಬಿಲ್ಲೆ ಸೀಳಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಗೋಡೆ ಹಿಡಿದುಕೊಂಡು ಬಂದಳು.

"ನಂದ ತಪ್ಪರಿ. ಧ್ಯಾನ ಇಲ್ದ ತೊಳದಬಿಟ್ಟೆ."

ಅಪ್ಪ ಬಿಲ್ಲೆಯನ್ನು ಎತ್ತಿಕೊಂಡು ಬಿರುಕಿನ ಉದ್ದಕ್ಕೂ ಹೆಬ್ಬೆರಳು ಎಳೆದ. "ಆತು ಬಿಡು. ಮರ ಅಂದಮ್ಯಾಲೆ ನೀರ ಕುಡೀತೈತಿ" ಎಂದ. ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ. ಮರುದಿನ ಸಂಜೆ ಓಣಿಗೆ ಬರೀ ಎಲೆ ಹಂಚಿದ. "ಈಸಾರಿ ಬೊಮ್ಮ ಲೇದಾ ಸಾರ್?" ಈ ಸಲ ಚಿತ್ರವಿಲ್ಲವೇ ಎಂದು ಎದುರು ಮನೆಯ ಅಜ್ಜಿ ಕೇಳಿದಾಗ ನಾನು ಒಳಗೆ ಓಡಿಹೋದೆ.

ಅಲ್ಲಿಂದ ನಾಲ್ಕು ದಸರೆ ಬಂದವು. ಪ್ರತಿ ಸಲವೂ ಇವತ್ತು ಹೇಳಿಯೇ ಬಿಡುತ್ತೇನೆಂದು ಕುಷಾಯಿಗೂಡದ ಬಸ್ಸು ಹತ್ತುತ್ತಿದ್ದೆ. ಬನ್ನಿ ಕೊಟ್ಟು ಕಾಲು ಮುಟ್ಟಿದರೆ ಅಪ್ಪ, "ಬನ್ನಿ ತಗೊಂಡು ಬಂಗಾರದಂಗ ಇರೂಣವ್ವಾ" ಎಂದು ನನ್ನ ಕೈ ಹಿಡಿದುಕೊಳ್ಳುವನು. ಅಷ್ಟರಲ್ಲಿ ಅವನ ಕಣ್ಣು ಪೂರ್ತಿ ಹೋಗಿತ್ತು. ಕೈ ಬಿಡದೆ ಕೇಳುವನು: "ಏನರೆ ಹೇಳೂದೈತೇನು?"

"ಏನಿಲ್ಲಪ್ಪಾ."

ನಾಲ್ಕು ವರ್ಷ, ನಾಲ್ಕು ಸಲ ಅದೇ ಉತ್ತರ. ಕಚೇರಿಯಲ್ಲಿ ಎಲ್ಲರ ಜೊತೆ ಗಂಟಲು ಹರಕೊಂಡು ಜಗಳಾಡುವ ನನಗೆ ಕುರುಡ ಅಪ್ಪನ ಎದುರು ಒಂದು ಮಾತು ಹೊರಡಲಿಲ್ಲ. ಐದನೆಯದಾದ ಈ ದಸರೆಗೆ ಅಪ್ಪ ಇರಲಿಲ್ಲ.

ಈ ಸಲ ವಿಜಯದಶಮಿಯ ಬೆಳಿಗ್ಗೆ ಅವ್ವ ಟ್ರಂಕು ತೆಗೆಸಿದಳು. ಪಂಚೆಯೊಳಗೆ ಬಿಲ್ಲೆ ಇತ್ತು. ಸುತ್ತ ಅಪ್ಪ ಯಾವಾಗಲೋ ಸುತಳಿ ಬಿಗಿದಿದ್ದ, ಸೀಳು ಕೂದಲೆಳೆಯಷ್ಟು ಸಣ್ಣದಾಗಿತ್ತು. ಅದರ ಕೆಳಗೆ ಅಳತೆಗೆ ಕತ್ತರಿಸಿದ ಹನ್ನೊಂದು ಹಾಳೆ. ಚಿತ್ರದ ಜಾಗ ಖಾಲಿ. ಅಡಿಯಲ್ಲಿ ಮಾತ್ರ ಪೆನ್ಸಿಲ್ ಅಕ್ಷರ, ಕಣ್ಣು ಕಾಣದವನ ಬರವಣಿಗೆ, ಸಾಲು ಮೇಲಕ್ಕೆ ಏರಿಹೋಗಿತ್ತು:

"ಮರ: ಹಿತ್ತಲ ಪೇರಲ. ಕೊರೆದದ್ದು: ನಾನು. ತೊಳೆದದ್ದು: ಮಗಳು. ತಿಕ್ಕಿದ್ದು:"

ಮುಂದೆ ಏನೂ ಬರೆದಿರಲಿಲ್ಲ. ಹನ್ನೊಂದರಲ್ಲೂ ಹಾಗೆಯೇ.

"ಅಪ್ಪಗ ಗೊತ್ತಿತ್ತೇನವ್ವಾ?"

"ಮೊಣಕಾಲ ಮಡಚಲಾರದಾಕಿ ನಳದ ಕೆಳಗ ಕುಂತು ತೊಳದೆ ಅಂದ್ರ ನಂಬ್ತಾರೇನ ಅವರು? ಆವತ್ತ ಗೊತ್ತಾತು. ಮಗಳು ತಾನಾಗಿ ಬಂದು ಹೇಳ್ಲಿ, ಆಕಿ ಕೈಲೇ ತಿಕ್ಕಸ್ತೀನಿ ಅಂತ ಹಾಳಿ ಕತ್ತರಿಸಿ ಕುಂತ್ರು. ಫೋನ್ ಮಾಡಿ ಕರೀಲೇನ್ರಿ ಅಂದೆ. ಬ್ಯಾಡ, ತಾನ ಹೇಳ್ಲಿ ಅಂದ್ರು."

ನಾಲ್ಕು ವರ್ಷ ಅಪ್ಪ ನನ್ನ ಕೈ ಹಿಡಿದು ಕಾದದ್ದು ಇದಕ್ಕೆ. ನಾನು ಒಂದು ಮಾತು ಆಡಿದ್ದರೆ ಅವನ ಹಕ್ಕಿ ಅವನಿರುವಾಗಲೇ ಓಣಿಗೆ ಹೋಗುತ್ತಿತ್ತು. ಸಣ್ಣ ಮಗುವಿನ ಹಾಗೆ ಜೋರಾಗಿ ಅತ್ತೆ. ಹಾಳೆಗಳು ತೊಡೆಯ ಮೇಲೇ ಇದ್ದವು.

ಅವ್ವ ಹಾಳೆಗಳನ್ನು ಎಳೆದುಕೊಂಡು, ಸೌಟನ್ನು ನನ್ನ ಕೈಗೆ ತುರುಕಿದಳು.

"ಅಳೂದಿದ್ರ ಆಮ್ಯಾಲೆ ಅಳು. ಅದರ ಮ್ಯಾಲೆ ಮತ್ತ ನೀರ ಕೆಡವಬ್ಯಾಡ."