ಕಾರ್ಟ್ರು ಮನೆಯವರು

ಅಪ್ಪಯ್ಯಣ್ಣನಿಗೆ ಒಡಹುಟ್ಟಿದವರಿರಲಿಲ್ಲ. ಇದ್ದ ಊರನ್ನೂ ವಿಮಾನ ನಿಲ್ದಾಣದ ಬೇಲಿ ನುಂಗಿತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಗೇಟು ಕಾಯಲು ಸೇರಿದಾಗ ಅವನ ಪಾಲಿಗೆ ಉಳಿದಿದ್ದು ಹೆಂಡತಿ ಅಮ್ಮಯಮ್ಮ, ಮಗಳು ಸಿಂಧು ಮತ್ತು ‘ಕಾರ್ಟ್ರು ಮನೆಯವನು’ ಎಂಬ ಹೆಸರು.

ಕಾರ್ಟರ್ ಎಂಬ ದೊರೆ ಹಿಂದೆ ಆ ಕಡೆ ಕುದುರೆ ಸಾಕಿದ್ದ. ಲಾಯದಲ್ಲಿ ದುಡಿಯುತ್ತಿದ್ದ ಇಬ್ಬರು ಆಳುಗಳನ್ನು ಊರು ದೊರೆಯ ಹೆಸರಿನಿಂದಲೇ ಕರೆಯಿತು. ದೊರೆ ಹಡಗು ಹತ್ತಿ ಹೋದ, ಹೆಸರನ್ನು ಮಾತ್ರ ಇಲ್ಲೇ ಬಿಟ್ಟುಹೋದ. ಒಬ್ಬ ಆಳಿನ ಮೊಮ್ಮಗ ಅಪ್ಪಯ್ಯಣ್ಣ, ಇನ್ನೊಬ್ಬನ ಮೊಮ್ಮಗ ಸಮೇತನಹಳ್ಳಿಯ ಜವರಪ್ಪ. ಜಾತಿ ಒಂದೇ, ಬೆಡಗು ಅಂದರೆ ಗೋತ್ರ ಬೇರೆ. ರಕ್ತಸಂಬಂಧ ಎಳ್ಳಷ್ಟೂ ಇಲ್ಲ.

ಕ್ಯಾಂಟೀನಿಗೆ ತರಕಾರಿ ತಂದ ಜವರಪ್ಪ ಒಂದು ದಿನ ಗೇಟಿನಲ್ಲಿ, “ಕಾರ್ಟ್ರು ಜವರಪ್ಪ ಅಂತ ಬರ್ಕೊಳ್ಳಪ್ಪಾ” ಅಂದ. ಅಪ್ಪಯ್ಯಣ್ಣ ಕುರ್ಚಿ ಬಿಟ್ಟೆದ್ದು ಅವನ ಕೈ ಹಿಡಿದುಕೊಂಡ. ಅಂದಿನಿಂದ ಇವನು ಅಣ್ಣ, ಅವನು ತಮ್ಮ. ಜವರಪ್ಪನ ತಂದೆ ತೀರಿಕೊಂಡಾಗ ಅಪ್ಪಯ್ಯಣ್ಣ ಯಾರನ್ನೂ ಕೇಳದೆ ಕ್ಷೌರಿಕನ ಮುಂದೆ ಕೂತು ತಲೆ ಬೋಳಿಸಿಕೊಂಡ, ಸೂತಕ ಹಿಡಿದ. ಅದು ದಾಯಾದಿಗಳು ಮಾತ್ರ ಮಾಡುವ ಕೆಲಸ. ಬೇಡ ಅನ್ನಬೇಕಾದ ಹಿರಿಯರು ಬಾಯಿ ಬಿಡಲಿಲ್ಲ. ಅಣ್ಣತಮ್ಮಂದಿರಿಲ್ಲದವನ ಹಸಿವು ಅದು, ಯಾರು ತಾನೇ ಬೇಡ ಅಂದಾರು?

ಗ್ರಹಚಾರ ನೋಡಿ. ಸಿಂಧು ಮತ್ತು ಜವರಪ್ಪನ ಮಗ ಬೈರೇಶ್ ಅದೇ ಕಾರ್ಖಾನೆಯ ಒಂದೇ ಶಿಫ್ಟಿನಲ್ಲಿ ಕೆಲಸ ಮಾಡುತ್ತ ಒಬ್ಬರನ್ನೊಬ್ಬರು ಮೆಚ್ಚಿದರು. ಮಾತುಕತೆಗೆ ಎಲ್ಲರೂ ಅಪ್ಪಯ್ಯಣ್ಣನ ಮನೆಯಲ್ಲಿ ಸೇರಿದರು.

“ಅಣ್ಣತಂಗಿಗೆ ಮದ್ವೆ ಮಾಡ್ತಾರೇನೋ?” ಎಂದ ಜವರಪ್ಪ.

“ಇಂಗ್ಲೆಂಡಲ್ಲಿ ಗಾಡಿ ಹೊಡಿಯೋರಿಗೆಲ್ಲ ಈ ಹೆಸ್ರು ಬಂದಿತ್ತಂತೆ ಕಣಪ್ಪಾ,” ಬೈರೇಶ್ ಫೋನು ಮುಂದೆ ಹಿಡಿದ. “ಪ್ರಪಂಚದ ತುಂಬ ಕಾರ್ಟರ್‌ಗಳಿದ್ದಾರೆ. ಅವ್ರೆಲ್ಲ ಅಣ್ತಮ್ಮಂದಿರಾ?”

“ಅವ್ರ್ಯಾರೂ ನಿಮ್ಮ ತಾತಂಗೆ ತಲೆ ಬೋಳಿಸ್ಕೊಂಡಿಲ್ಲ ಕಣೋ. ಅಣ್ಣ, ನೀನೇ ಹೇಳು.”

ಅಪ್ಪಯ್ಯಣ್ಣ ಒಳಬಾಗಿಲ ಕಡೆ ತಿರುಗಿದ. ಬಾಗಿಲ ಸಂದಿಯಲ್ಲಿ ಸಿಂಧು ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಇತ್ತ ಜವರಪ್ಪ ‘ಹೌದು, ನಾವು ಒಂದೇ’ ಅನ್ನುವ ಮಾತಿಗೆ ಕಾದು ಕೂತಿದ್ದ. ಆ ಮಾತನ್ನು ಹೇಳಲು ಅಪ್ಪಯ್ಯಣ್ಣನಿಗೂ ಪ್ರಾಣ ಒದ್ದಾಡುತ್ತಿತ್ತು.

“ಅವತ್ತು ನಾನು ಕ್ಷೌರಕ್ಕೆ ಕೂತಿದ್ದು ತಪ್ಪು,” ಎಂದ ಕೊನೆಗೆ. “ನಾನು ನಿಮ್ಮೋನಲ್ಲ. ನೀನು ನನ್ನ ತಮ್ಮ ಅಲ್ಲ.”

ಜವರಪ್ಪ ಅಮ್ಮಯಮ್ಮ ತಂದಿಟ್ಟ ತಟ್ಟೆಯಿಂದ ತಾಂಬೂಲ ಎತ್ತಿಕೊಂಡ. ಒಳಗೆ ಸಿಂಧು ಜೋರಾಗಿ ಅತ್ತುಬಿಟ್ಟಳು, ಈ ಸಲ ಸಂತೋಷಕ್ಕೆ.

ಅವರು ಹೊರಡುವಾಗ ಅಪ್ಪಯ್ಯಣ್ಣ ಬಾಗಿಲವರೆಗೂ ಬಂದ. ಯಾವತ್ತೂ “ಬರ್ತೀನಿ ಕಣಣ್ಣ” ಎಂದು ಹೆಗಲು ತಟ್ಟಿ ಹೋಗುತ್ತಿದ್ದ ಜವರಪ್ಪ, ಅಂದು ಒಂದು ಮಾರು ದೂರದಲ್ಲೇ ನಿಂತು ಕೈ ಮುಗಿದ.

“ಬರ್ತೀವಿ, ಬೀಗರೇ.”