ಝಿತೂಫ ಅಂದರೆ ಇಳಿಯೋಣ

ನಮ್ಮ ಮನೆಯಲ್ಲಿ ಗುಟ್ಟು ಹೇಳಲು ಒಂದು ಭಾಷೆಯೂ ಉಳಿದಿರಲಿಲ್ಲ. ಕನ್ನಡ ಅಪ್ಪ ಅಮ್ಮನಿಗೆ ಬರುತ್ತಿತ್ತು, ಮರಾಠಿ ಪುಣೆಯ ನಮ್ಮ ಇಡೀ ಕೋಥರೂಡು ಬಡಾವಣೆಗೆ, ಹಿಂದಿ ಟಿವಿ ನೋಡುವ ಎಲ್ಲರಿಗೂ. ಹಾಗಾಗಿ ಶಾಲೆಗೆ ಹೋಗುವ ಕಾಲದಲ್ಲಿ ಅಕ್ಕ ಮತ್ತು ನಾನು ನಮ್ಮದೇ ಒಂದು ಭಾಷೆ ಕಟ್ಟಿಬಿಟ್ಟೆವು.

ನನಗೆ ಆಗಲೇ ಪಂಡಿತರ ಠೀವಿ. ವ್ಯಾಕರಣ ಬೇಕು, ಬಹುವಚನ ಬೇಕು ಎಂದು ಹಟ ಹಿಡಿದೆ. ಅಕ್ಕನಿಗೆ ಬೇಕಾಗಿದ್ದದ್ದು ಕೆಲಸಕ್ಕೆ ಬರುವ ಪದ ಮಾತ್ರ. ಹೊಸ ಪದ ಹುಟ್ಟಿದರೆ, ರೊಟ್ಟಿ ಬಡಿಯುತ್ತಿದ್ದ ಅಮ್ಮನ ಬೆನ್ನ ಹಿಂದೆ ನಿಂತು ಜೋರಾಗಿ ಹೇಳುತ್ತಿದ್ದೆವು. ಅಮ್ಮ ತಿರುಗಿ ನೋಡಿದರೆ ಅದು ಯಾವುದೋ ಗೊತ್ತಿರುವ ಮಾತಿನಂತೆ ಕೇಳಿಸಿದೆ ಎಂದರ್ಥ, ಕೈಬಿಡುತ್ತಿದ್ದೆವು. ನನ್ನ ಬಹುವಚನಗಳೆಲ್ಲ ಆ ಅಡುಗೆಮನೆಯಲ್ಲೇ ಮಣ್ಣು ಮುಕ್ಕಿದವು.

‘ಝಿತೂಫ’ ಪಾಸಾಯಿತು. ಅದು ಸಿಟಿ ಬಸ್ಸಿಗಾಗಿ ಮಾಡಿದ ಪದ. ಗದ್ದಲದಲ್ಲಿ ಯಾರಾದರೂ ಮೈಮೇಲೆ ಬಿದ್ದರೆ, ಉಸಿರು ಕಟ್ಟಿದರೆ, ಒಬ್ಬಳು ಅದನ್ನು ಹೇಳಬೇಕು. ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿಯಬೇಕು. ಮೊದಲು ಇಳಿಯುವುದು, ಯಾಕೆ ಎಂದು ಆಮೇಲೆ ಕೇಳುವುದು. ಈ ನಿಯಮ ಅಕ್ಕನದು. ಇಡೀ ಭಾಷೆಯಲ್ಲಿ ನಾನು ಜಗಳವಾಡದೆ ಒಪ್ಪಿದ್ದು ಅದೊಂದನ್ನೇ.

ಹೋದ ವರ್ಷ ಅಕ್ಕನನ್ನು ನೋಡಲು ಊರಿನ ಇನ್ನೊಂದು ತುದಿಯ ಖರಾಡಿಯಿಂದ ಗಂಡಿನವರು ಬಂದರು. ಒಳ್ಳೆಯ ಜನ. ಅವರು ಬರುವ ಮೊದಲೇ ಅಕ್ಕ ಅಮ್ಮನಿಗೆ ಕನ್ನಡದಲ್ಲಿ, ಪಕ್ಕದ ಮನೆಯ ಕಾಕುಗೆ ಮರಾಠಿಯಲ್ಲಿ, ಫೋನಿನಲ್ಲಿ ಹುಡುಗನಿಗೆ ಇಂಗ್ಲಿಷಿನಲ್ಲಿ ಹೂಂ ಅಂದಿದ್ದಳು. ಚಹಾ ಮುಗಿಯಿತು.

“ಮತ್ತ ಇವತ್ತ ಸಕ್ಕರಿ ಹಂಚಿ ಮಾತು ಪಕ್ಕಾ ಮಾಡೂಣಲ್ರಿ?” ಎಂದರು ಹುಡುಗನ ತಾಯಿ.

ಅಕ್ಕ ನನ್ನ ಕಡೆ ನೋಡಿದಳು. ನೀರು ಕೇಳುವಷ್ಟು ಸಹಜವಾಗಿ, “ಝಿತೂಫ” ಎಂದಳು.

ಆ ಪದ ಕಿವಿಗೆ ಬಿದ್ದು ವರ್ಷಗಳೇ ಆಗಿದ್ದವು. ಆದರೂ ನಾನು ಎದ್ದು ನಿಂತಿದ್ದೆ. “ತಪ್ಪು ತಿಳೀಬ್ಯಾಡ್ರಿ. ಅಕ್ಕಗ ಈ ಲಗ್ನ ಬ್ಯಾಡ,” ಎಂದೆ. ದನಿ ನಡುಗಲಿಲ್ಲ. ಅಕ್ಕನ ಮೇಲೆ ನನಗೆ ಅಷ್ಟು ನಂಬಿಕೆ.

ಅವರು ಮರ್ಯಾದೆಯಿಂದಲೇ ಹೊರಟರು. ಬಾಗಿಲು ಹಾಕಿದ ಮೇಲೆ ಅಪ್ಪ ನನ್ನತ್ತ ತಿರುಗಿದರು. ಮುಖ ಕೆಂಪಾಗಿತ್ತು.

“ಅಕಿ ಯಾಕ ಒಲ್ಲೆ ಅಂತಾಳ?”

“ಗೊತ್ತಿಲ್ಲಪ್ಪಾ.”

“ಗೊತ್ತಿಲ್ಲದನ ಅಷ್ಟು ಮಂದಿ ಮುಂದ ಹೇಳಿದಿ?”

“ಹೂಂ,” ಎಂದೆ. ಸೋಫಾದ ಮೇಲೆ ಅಕ್ಕನ ಪಕ್ಕ ಕುಳಿತು ಅವಳ ಕೈ ಹಿಡಿದುಕೊಂಡೆ.

“ಇಳಿದ್ವಿ,” ಎಂದೆ. “ಈಗ ಹೇಳು.”